ಬೆಂಚಿನಲ್ಲಿ ಕೂತವನು ಕೋಚ್ ಆಗಬಲ್ಲನಾ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಮಿನೆಸೋಟಾಗೆ ಬಂದು 25 ವರ್ಷ ಆಯಿತು. ಮಗ ಇಲ್ಲೇ ಹುಟ್ಟಿದವನು. ಐದನೇ ವಯಸ್ಸಿಗೆ ಸ್ಕೇಟ್ ಕಟ್ಟಿಕೊಂಡವನು ಇನ್ನೂ ಬಿಚ್ಚಿಲ್ಲ. ಈಗ ಒಂದು ಡಿವಿಷನ್ 3 (ಕಾಲೇಜ್ ಆಟಗಳಲ್ಲಿ ಮೂರನೇ ದರ್ಜೆ) ಕಾಲೇಜಿನಲ್ಲಿ ಎಕನಾಮಿಕ್ಸ್ ಕೊನೆಯ ವರ್ಷ. ಅಲ್ಲಿನ ಐಸ್ ಹಾಕಿ ತಂಡದಲ್ಲಿ ಎರಡನೇ ಗೋಲ್‌ಕೀಪರ್. ಇಡೀ ಸೀಸನ್‌ಗೆ ನಾಲ್ಕು ಮ್ಯಾಚ್ ಆಡಿದರೆ ಹೆಚ್ಚು. ಥ್ಯಾಂಕ್ಸ್‌ಗಿವಿಂಗ್‌ಗೆ ಮನೆಗೆ ಬಂದವನು "ಡಿಗ್ರಿ ಮುಗಿದ ಮೇಲೆ ಕೋಚಿಂಗ್‌ಗೆ ಹೋಗ್ತೀನಿ" ಅಂದ. ಅವತ್ತಿನಿಂದ ಅವರಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ಆಟದಲ್ಲೇ ಮುಂದೆ ಬರದವನು ಕೋಚ್ ಆಗಿ ಏನು ಮಾಡಿಯಾನು? ಅದರಿಂದ ಹೊಟ್ಟೆ ತುಂಬುತ್ತದಾ? ಊರಲ್ಲಿ ಯಾರಾದರೂ ಕೇಳಿದರೆ ಏನು ಹೇಳೋದು?

ಉತ್ತರ: ಮೊದಲು ಅವರಪ್ಪನಿಗೆ ಬಿಸಿ ಬಿಸಿ ಊಟ ಹಾಕಿ. ಮಗ ಓದು ಬಿಟ್ಟು ಬರುತ್ತೇನೆ ಅಂದಿಲ್ಲ. ಮುಗಿಸಿಕೊಂಡು ಹೋಗುತ್ತೇನೆ ಅಂದಿದ್ದಾನೆ. ಈ ದಾರಿಗೆ ಡಿಗ್ರಿ ಬೇಕೇ ಬೇಕು. ಕಟ್ಟಿದ ಫೀಸ್ ಎಲ್ಲೂ ಹೋಗಿಲ್ಲ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಆಟಗಾರ ಹುಡುಗರ ಓದು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಯಾರು ಕೆಮಿಸ್ಟ್ರಿಯಲ್ಲಿ ಮುಳುಗುತ್ತಿದ್ದಾರೆ, ಯಾರ ಪರೀಕ್ಷೆ ಮ್ಯಾಚಿನ ದಿನವೇ ಬಿದ್ದಿದೆ, ಯಾರು ಕ್ಲಾಸಿಗೆ ಮುಖ ತೋರಿಸಿ ವಾರ ಆಯಿತು, ಇದೇ ನನ್ನ ದಿನಚರಿ. ಹಾಕಿ ಕೋಚ್‌ಗಳ ಕೋಣೆ ನನ್ನ ಗೋಡೆಯ ಆಚೆಗಿದೆ. ಹದಿನೇಳು ವರ್ಷದಲ್ಲಿ ಆ ಕೋಣೆಗೆ ಬಂದವರು, ಅಲ್ಲಿಂದ ದೊಡ್ಡ ಕಾಲೇಜಿಗೆ ಹೋದವರು, ಮೂರೇ ವರ್ಷಕ್ಕೆ ಸಾಕಪ್ಪಾ ಅಂದವರು, ಎಲ್ಲರನ್ನೂ ನೋಡಿದ್ದೇನೆ. ಹಾಗಾಗಿ ಸಿಹಿ ಕಹಿ ಎರಡನ್ನೂ ಹೇಳುತ್ತೇನೆ.

ಕೋಚ್ ಅಂದಾಗ ನಿಮ್ಮಿಬ್ಬರ ಕಣ್ಣ ಮುಂದೆ ಯಾರು ಬರುತ್ತಾರೆ ಅಂತ ಊಹಿಸಬಲ್ಲೆ. ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಕೊರಳಲ್ಲಿ ಸೀಟಿ, ಆಗಸ್ಟ್ 15ಕ್ಕೆ ಮಾರ್ಚ್ ಪಾಸ್ಟ್. ಗಣಿತದ ಮೇಷ್ಟ್ರು ರಜಾ ಹಾಕಿದ ದಿನ ಗಲಾಟೆ ಆಗದ ಹಾಗೆ ಕ್ಲಾಸು ಕಾಯುವುದು. ಪಾಪ, ಸ್ಟಾಫ್ ರೂಮಿನಲ್ಲೂ ಅವರಿಗೆ ಮೂಲೆಯ ಕುರ್ಚಿಯೇ. ಮಗ ಆ ಕುರ್ಚಿಗೆ ಹೊರಟಿದ್ದಾನೆ ಅಂತ ನಿಮಗೆ ಅನ್ನಿಸಿರಬೇಕು. ಇಲ್ಲಿನ ಕಾಲೇಜ್ ಹಾಕಿ ಕೋಚ್‌ನ ಸ್ಥಿತಿ ಬೇರೆ. ಆದರೆ ಕೆಲಸ ಮಾತ್ರ ಮೇಷ್ಟ್ರದ್ದೇ. ಅದಕ್ಕೇ ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ಅಷ್ಟು ಕಷ್ಟ ಅಲ್ಲ.

ಎರಡನೇ ಗೋಲಿ ಮ್ಯಾಚಿನಲ್ಲಿ ಏನು ಮಾಡುತ್ತಾನೆ ಅಂತ ಯಾವತ್ತಾದರೂ ಗಮನಿಸಿದ್ದೀರಾ? (ಇಲ್ಲಿನವರ ಬಾಯಲ್ಲಿ ಗೋಲ್‌ಕೀಪರ್ ಅಂದರೆ ಗೋಲಿ. ನಾವು ಬೀದಿಯಲ್ಲಿ ಆಡಿದ ಗೋಲಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ.) ಕಾಲಿಗೆ ದಿಂಬಿನಂಥ ಪ್ಯಾಡ್ ಕಟ್ಟಿಕೊಂಡು, ತಲೆಗೆ ಕ್ಯಾಪ್ ಹಾಕಿಕೊಂಡು ಬೆಂಚಿನ ತುದಿಯಲ್ಲಿ, ಬಾಗಿಲ ಹತ್ತಿರ ಇರುತ್ತಾನೆ. ಐಸ್ ಹಾಕಿಯಲ್ಲಿ ಒಬ್ಬ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷ ಆಡಿದರೆ ಉಸಿರು ನಿಂತ ಹಾಗಾಗುತ್ತದೆ. ಆಟ ನಡೆಯುತ್ತಿರುವಾಗಲೇ ಒಬ್ಬರು ಒಳಗೆ ಬರುತ್ತಾರೆ, ಇನ್ನೊಬ್ಬರು ಅಡ್ಡಗೋಡೆ ಹಾರಿ ಹೋಗುತ್ತಾರೆ. ಬರುವವರಿಗೆ ಬಾಗಿಲು ತೆಗೆಯಬೇಕು. ಬಹಳಷ್ಟು ತಂಡಗಳಲ್ಲಿ ಆ ಕೆಲಸ ಎರಡನೇ ಗೋಲಿಯದ್ದು. ತಡ ಮಾಡಿದರೆ ಸುಸ್ತಾಗಿ ಬಂದವನು ಬಾಗಿಲಿಗೆ ಬಡಿದುಕೊಳ್ಳುತ್ತಾನೆ. ಬೇಗ ತೆಗೆದರೆ ಪಕ್ (ಚೆಂಡಿನ ಬದಲು ಇಲ್ಲಿ ಹೊಡೆಯುವ ರಬ್ಬರ್ ಬಿಲ್ಲೆ) ಒಳಗೆ ನುಗ್ಗುತ್ತದೆ. ಹಾಗಾಗಿ ಯಾವ ಲೈನ್ (ಒಟ್ಟಿಗೆ ಆಡಲು ಇಳಿಯುವ ಗುಂಪು) ಸುಸ್ತಾಗಿದೆ, ಮುಂದಿನ ಸರದಿ ಯಾರದು, ಪಕ್ ಈಗ ಎಲ್ಲಿಗೆ ತಿರುಗುತ್ತದೆ, ಇದೆಲ್ಲ ಅವನಿಗೆ ಒಂದು ಉಸಿರು ಮುಂಚೆಯೇ ತಿಳಿದಿರಬೇಕು. ಬೆನ್ನ ಹಿಂದೆ ನಿಂತ ಕೋಚ್ ಯಾರಿಗೆ ಬೈದರು, ಯಾರಿಗೆ ಬೆನ್ನು ತಟ್ಟಿದರು, ಯಾರನ್ನು ಸುಮ್ನೆ ಬಿಟ್ಟರು, ಎಲ್ಲ ಅವನ ಕಿವಿಗೆ ಬೀಳುತ್ತದೆ.

ವರ್ಷಕ್ಕೆ 25 ಮ್ಯಾಚ್ ಅಂತ ಹಿಡಿದರೂ ನಾಲ್ಕು ವರ್ಷಕ್ಕೆ ನೂರು ಮ್ಯಾಚ್. ನೀವು ಅದನ್ನು ನಿಮ್ಮ ಮಗ ಆಡದೇ ಇದ್ದ ನೂರು ಮ್ಯಾಚ್ ಅಂತ ಲೆಕ್ಕ ಹಾಕಿದ್ದೀರಿ. ಕೋಚ್‌ನ ಪಕ್ಕದಲ್ಲಿ ಕೂತು ಪಾಠ ಕೇಳಿದ ನೂರು ಮ್ಯಾಚ್ ಅಂತಲೂ ಲೆಕ್ಕ ಹಾಕಬಹುದು.

ಇದು ನಿಮ್ಮ ಸಮಾಧಾನಕ್ಕೆ ಹೇಳಿದ ಮಾತಲ್ಲ. ನಿಮ್ಮ ರಾಜ್ಯದವರೇ ಆದ ಐಸ್ ಹಾಕಿ ಕೋಚ್ ಹರ್ಬ್ ಬ್ರೂಕ್ಸ್ ಅವರನ್ನೇ ತೆಗೆದುಕೊಳ್ಳಿ. 1937ರಲ್ಲಿ ಸೇಂಟ್ ಪಾಲ್‌ನಲ್ಲಿ ಹುಟ್ಟಿದವರು. 1955ರಲ್ಲಿ ಅವರ ಜಾನ್ಸನ್ ಹೈಸ್ಕೂಲ್ ತಂಡ ರಾಜ್ಯ ಚಾಂಪಿಯನ್ ಆಯಿತು. ಆಮೇಲೆ ಮಿನೆಸೋಟಾ ಯೂನಿವರ್ಸಿಟಿಯಲ್ಲಿ ಆಡಿದರು, ಸೈಕಾಲಜಿ ಓದಿದರು. 1960ರ ಒಲಿಂಪಿಕ್ಸ್‌ಗೆ ಅಮೆರಿಕ ತಂಡ ತಯಾರಾಗುತ್ತಿತ್ತು. ಎಲ್ಲ ಆಯಿತು, ಇನ್ನೇನು ಹೊರಡಬೇಕು ಅನ್ನುವಾಗ ಕೊನೆಯದಾಗಿ ಕೈಬಿಟ್ಟಿದ್ದು ಬ್ರೂಕ್ಸ್ ಅವರನ್ನು. ಆ ತಂಡ ಚಿನ್ನ ಗೆದ್ದಿತು. ಬ್ರೂಕ್ಸ್ ಮನೆಯಲ್ಲಿ ಕೂತು ಟೀವಿಯಲ್ಲಿ ನೋಡಿದರು. ಪಕ್ಕದಲ್ಲಿದ್ದ ಅವರಪ್ಪ "ಕೋಚ್ ಸರಿಯಾದವನನ್ನೇ ಬಿಟ್ಟಿದ್ದಾನೆ" ಅನ್ನೋ ಅರ್ಥದಲ್ಲಿ ಒಂದು ಮಾತು ಅಂದರಂತೆ. ಅಪ್ಪಂದಿರು ಎಲ್ಲ ದೇಶದಲ್ಲೂ ಒಂದೇ ನೋಡಿ.

ಬ್ರೂಕ್ಸ್ ಆಟ ಬಿಡಲಿಲ್ಲ. 1964 ಮತ್ತು 1968ರ ಒಲಿಂಪಿಕ್ಸ್ ಆಡಿದರು. ಹೊಟ್ಟೆಪಾಡಿಗೆ ಇನ್ಶೂರೆನ್ಸ್ ಮಾರಿದರು. 1972ರಲ್ಲಿ ತಾವು ಓದಿದ ಕಾಲೇಜಿಗೇ ಕೋಚ್ ಆದರು. ಆಗ ಆ ತಂಡ ತನ್ನ ಲೀಗ್‌ನಲ್ಲಿ ತಳ ಕಂಡಿತ್ತು. ಎರಡೇ ವರ್ಷಕ್ಕೆ, 1974ರಲ್ಲಿ, ಮಿನೆಸೋಟಾಗೆ ಮೊಟ್ಟಮೊದಲ ರಾಷ್ಟ್ರೀಯ ಕಾಲೇಜ್ ಪಟ್ಟ ಬಂತು. 1976ರಲ್ಲಿ ಇನ್ನೊಂದು, 1979ರಲ್ಲಿ ಮತ್ತೊಂದು. ಆಮೇಲೆ 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್. ಕಾಲೇಜ್ ಹುಡುಗರನ್ನು ಕಟ್ಟಿಕೊಂಡು ಫೆಬ್ರವರಿ 22ರಂದು ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದ್ದು, ಎರಡು ದಿನ ಬಿಟ್ಟು ಫಿನ್ಲೆಂಡನ್ನು ಸೋಲಿಸಿ ಚಿನ್ನ ತಂದಿದ್ದು ಇಲ್ಲಿ ಮಕ್ಕಳಿಗೂ ಬಾಯಿಪಾಠ. ಅದಕ್ಕೆ ಎರಡು ವಾರ ಮುಂಚೆ ನ್ಯೂಯಾರ್ಕಿನಲ್ಲಿ ಅದೇ ಸೋವಿಯತ್ ತಂಡ ಇವರನ್ನು 10-3ರಿಂದ ತೊಳೆದು ಒಣಗಿಹಾಕಿತ್ತು. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ನನಗೆ ಆ ಕಥೆಯಲ್ಲಿ ಗೆಲುವಿಗಿಂತ ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಒಲಿಂಪಿಕ್ಸ್‌ಗೆ ಹೋಗುವ ಮುಂಚೆ ತಂಡವನ್ನು 20 ಜನಕ್ಕೆ ಇಳಿಸಬೇಕಿತ್ತು. ಕೊನೆಗೆ ಬಿಡಬೇಕಾಗಿ ಬಂದದ್ದು ನ್ಯೂ ಹ್ಯಾಂಪ್‌ಶೈರ್ ಯೂನಿವರ್ಸಿಟಿಯಲ್ಲಿ ಆಡಿದ್ದ ರಾಲ್ಫ್ ಕಾಕ್ಸ್ ಎಂಬ ಹುಡುಗನನ್ನು. ಇಪ್ಪತ್ತು ವರ್ಷದ ಹಿಂದೆ ತನಗೆ ಕೇಳಿಸಿದ ಮಾತನ್ನೇ ಬ್ರೂಕ್ಸ್ ಅವನಿಗೆ ಕೇಳಿಸಬೇಕಾಯಿತು. ಕೋಚ್ ಆಗುವುದು ಅಂದರೆ ಇದೂ ಸೇರಿ. ನಿಮ್ಮ ಮಗನೂ ಒಂದಲ್ಲ ಒಂದು ದಿನ ಇನ್ನೊಬ್ಬ ಎರಡನೇ ಗೋಲಿಯನ್ನು ಎದುರಿಗೆ ಕೂರಿಸಿಕೊಂಡು "ಈ ವರ್ಷ ನಿನಗೆ ಜಾಸ್ತಿ ಮ್ಯಾಚ್ ಸಿಗಲ್ಲ" ಅನ್ನಬೇಕಾಗುತ್ತದೆ.

ಬ್ರೂಕ್ಸ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲಾರೆ. 1979ರ ಸೆಪ್ಟೆಂಬರಿನಲ್ಲಿ ನಾರ್ವೆ ಜೊತೆ 3-3 ಡ್ರಾ ಆಯಿತು ಅಂತ ಸಿಟ್ಟಾಗಿ, ಮ್ಯಾಚ್ ಮುಗಿದ ಮೇಲೆ ಹುಡುಗರನ್ನು ರಿಂಕ್‌ನಲ್ಲೇ (ಐಸ್ ಮೈದಾನದಲ್ಲೇ) ನಿಲ್ಲಿಸಿಕೊಂಡರು. ಆ ತುದಿಯಿಂದ ಈ ತುದಿಗೆ ಮತ್ತೆ ಮತ್ತೆ ಓಡಿಸಿದರು. ರಿಂಕ್‌ನವರು ದೀಪ ಆರಿಸಿದರೂ ಕತ್ತಲಲ್ಲೇ ಓಡಿಸಿದರು. ಈಗ ಯಾವುದೇ ಕಾಲೇಜಿನಲ್ಲಿ ಹಾಗೆ ಮಾಡಿದರೆ ಸೋಮವಾರ ಬೆಳಗ್ಗೆ ಆ ಕೋಚ್‌ಗೆ ಕೆಲಸ ಇರುವುದಿಲ್ಲ. ಇರಲೂಬಾರದು.

ಬ್ರೂಕ್ಸ್ ಕೊನೆಯವರಾಗಿ ಹೊರಬಿದ್ದವರು. ಡೇವಿಡ್ ಕಾರ್ಲ್ ಅವರಿಗೆ ಕಾಲೇಜಿನಲ್ಲಿ ಒಂದು ಮ್ಯಾಚ್ ಕೂಡ ಆಡೋಕೆ ಆಗಲಿಲ್ಲ. ಅಲಾಸ್ಕಾದ ಹುಡುಗ. ಅಣ್ಣ ಮ್ಯಾಟ್ 2006ರಲ್ಲಿ ಡೆನ್ವರ್ ಯೂನಿವರ್ಸಿಟಿ ಪರವಾಗಿ ಆಡಿ, ಕಾಲೇಜ್ ಹಾಕಿಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಹೋಬಿ ಬೇಕರ್ ಪ್ರಶಸ್ತಿ ಪಡೆದವರು. ತಮ್ಮನಿಗೂ ಡೆನ್ವರ್‌ನಲ್ಲಿ ಸೀಟು, ಸ್ಕಾಲರ್‌ಶಿಪ್ ಎಲ್ಲ ರೆಡಿ. 2008ರಲ್ಲಿ ಎನ್‌ಎಚ್‌ಎಲ್ (ಇಲ್ಲಿನ ಅತಿ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್) ಡ್ರಾಫ್ಟ್‌ಗೆ, ಅಂದರೆ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ, ಮುಂಚೆ ಮಾಡಿದ ತಪಾಸಣೆಯಲ್ಲಿ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಗೊತ್ತಾಯಿತು. ಆಡಿದರೆ ಜೀವಕ್ಕೇ ಅಪಾಯ. ಹುಡುಗರು ಕನಸು ಕಾಣುವ ಹದಿನೆಂಟರ ವಯಸ್ಸಿಗೆ ಇವರ ಆಟ ಮುಗಿದಿತ್ತು. ಆದರೂ ಟ್ಯಾಂಪಾ ಬೇ ತಂಡ ಏಳನೇ ಸುತ್ತಿನಲ್ಲಿ ಇವರ ಹೆಸರು ಕರೆಯಿತು. ಆಡುವುದಿಲ್ಲ ಅಂತ ಗೊತ್ತಿದ್ದೇ ಕರೆದದ್ದು.

ಡೆನ್ವರ್‌ನ ಆಗಿನ ಕೋಚ್ ಜಾರ್ಜ್ ಗ್ವಜ್ಡೆಕಿ ಆ ಸ್ಕಾಲರ್‌ಶಿಪ್ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಾ, ಓದು, ನಮಗೆ ಕೋಚಿಂಗ್‌ನಲ್ಲಿ ಕೈಜೋಡಿಸು ಅಂದರು. ಕಾರ್ಲ್ ಓದಿದಷ್ಟು ವರ್ಷವೂ ಸ್ಟೂಡೆಂಟ್ ಅಸಿಸ್ಟೆಂಟ್ ಆಗಿದ್ದರು. 2012ರಲ್ಲಿ ಡಿಗ್ರಿ ಮುಗಿದ ಮೇಲೆ ವಿಸ್ಕಾನ್ಸಿನ್‌ನ ಗ್ರೀನ್ ಬೇ ಊರಿನ ಜೂನಿಯರ್ ತಂಡಕ್ಕೆ ಅಸಿಸ್ಟೆಂಟ್. ಎರಡು ವರ್ಷ ಬಿಟ್ಟು ಮತ್ತೆ ಡೆನ್ವರ್‌ಗೆ, ಜಿಮ್ ಮಾಂಟ್ಗೊಮರಿ ಕೈಕೆಳಗೆ. 2018ರಲ್ಲಿ ಮಾಂಟ್ಗೊಮರಿ ಡಲ್ಲಾಸ್‌ನ ಎನ್‌ಎಚ್‌ಎಲ್ ತಂಡಕ್ಕೆ ಹೋದಾಗ ಕಾರ್ಲ್ ಹೆಡ್ ಕೋಚ್ ಆದರು. ವಯಸ್ಸು ಆಗ 28. ಡೆನ್ವರ್ 2022ರಲ್ಲಿ ರಾಷ್ಟ್ರೀಯ ಪಟ್ಟ ಗೆದ್ದಿತು, 2024ರಲ್ಲಿ ಮತ್ತೆ ಗೆದ್ದಿತು. ಆ ಎರಡನೇ ಫೈನಲ್ ನಡೆದದ್ದು ನಿಮ್ಮ ಸೇಂಟ್ ಪಾಲ್‌ನಲ್ಲೇ. 2024, 2025 ಎರಡೂ ವರ್ಷ ಅಮೆರಿಕದ ಜೂನಿಯರ್ ತಂಡಕ್ಕೆ ವಿಶ್ವ ಚಾಂಪಿಯನ್‌ಶಿಪ್ ಚಿನ್ನ ಕೊಡಿಸಿದ್ದೂ ಇವರೇ.

ಹಾಗಂತ ಆಡದವರೇ ಒಳ್ಳೆ ಕೋಚ್ ಆಗುತ್ತಾರೆ ಅಂತ ತಿಳಿಯಬೇಡಿ. ರೆಡ್ ಬೆರೆನ್ಸನ್ ಮಿಶಿಗನ್ ಕಾಲೇಜಿನಿಂದ ಸೀದಾ ಎನ್‌ಎಚ್‌ಎಲ್‌ಗೆ ಹೋದ ಆಟಗಾರ. 1968ರಲ್ಲಿ ಒಂದೇ ಮ್ಯಾಚಿನಲ್ಲಿ ಆರು ಗೋಲ್ ಹೊಡೆದವರು. 1984ರಲ್ಲಿ ಮಿಶಿಗನ್‌ಗೆ ಕೋಚ್ ಆಗಿ ಬಂದು 2017ರ ತನಕ ಅಲ್ಲೇ ಇದ್ದರು. 1980ರಲ್ಲಿ ಸೋವಿಯತ್ ವಿರುದ್ಧ ಎರಡು ಗೋಲ್ ಹೊಡೆದ ಮಾರ್ಕ್ ಜಾನ್ಸನ್ 2002ರಿಂದ ವಿಸ್ಕಾನ್ಸಿನ್‌ನ ಹೆಣ್ಣುಮಕ್ಕಳ ತಂಡದ ಕೋಚ್. 2025ರ ಹೊತ್ತಿಗೆ ಎಂಟು ರಾಷ್ಟ್ರೀಯ ಪಟ್ಟ. ಇನ್ನೊಂದು ಕಡೆ ವೇಯ್ನ್ ಗ್ರೆಟ್ಸ್ಕಿ. ಈ ಆಟದಲ್ಲಿ ಅವರಿಗಿಂತ ದೊಡ್ಡ ಹೆಸರಿಲ್ಲ. 2005ರಿಂದ 2009ರ ತನಕ ಫೀನಿಕ್ಸ್ ತಂಡಕ್ಕೆ ಕೋಚ್ ಆಗಿದ್ದರು. ನಾಲ್ಕು ಸೀಸನ್‌ನಲ್ಲಿ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಅಂದರೆ ಆಡಿದ ಲೆಕ್ಕ ಹಿಡಿದು ಕೋಚಿಂಗ್‌ನ ಭವಿಷ್ಯ ಹೇಳೋಕೆ ಬರುವುದಿಲ್ಲ. ಅದಕ್ಕೆ ಬೇರೆ ಕಡೆ ನೋಡಬೇಕು.

ಎಲ್ಲಿ ನೋಡಬೇಕು ಅನ್ನೋದು ನನಗೆ ಗೊತ್ತಾಗಿದ್ದು ಒಂದು ಜನವರಿ ಸಂಜೆ. ಹೊರಗೆ ಮೈನಸ್ ಇಪ್ಪತ್ತು. ಮನೆಗೆ ಹೊರಟಿದ್ದೆ. ಪಕ್ಕದ ಕೋಣೆಯಲ್ಲಿ ಅಸಿಸ್ಟೆಂಟ್ ಕೋಚ್ ಇನ್ನೂ ಕೂತಿದ್ದ. 26 ವರ್ಷದ ಹುಡುಗ. ಮೇಜಿನ ಮೇಲೆ ತಣ್ಣಗಾದ ಪಿಜ್ಜಾ, ನೆಲದ ಮೇಲೆ ಒಣಗೋಕೆ ಹಾಕಿದ ಸ್ಕೇಟ್, ಕೋಣೆ ತುಂಬ ಆ ಒದ್ದೆ ಗ್ಲೌಸಿನ ವಾಸನೆ. (ಹಾಕಿ ಹುಡುಗರ ತಾಯಿ ನೀವು, ಆ ವಾಸನೆ ನಾನು ವಿವರಿಸಬೇಕಿಲ್ಲ.) ಲ್ಯಾಪ್‌ಟಾಪ್‌ನಲ್ಲಿ ಎಂಟು ಸೆಕೆಂಡಿನ ಒಂದು ತುಣುಕನ್ನು ಹಿಂದೆ ಮುಂದೆ ಮಾಡುತ್ತಿದ್ದ. "ಏನು ಕಾಣ್ತಿದೆ?" ಅಂತ ಕೇಳಿದ. ನನಗೆ ಕಂಡಿದ್ದು ಹತ್ತು ಜನರ ನೂಕುನುಗ್ಗಲು, ಕೊನೆಗೊಂದು ಗೋಲ್. ಗೋಲಿಯ ತಪ್ಪು ಅಂದೆ. ಅವನು ನಕ್ಕು ಹಿಂದಕ್ಕೆ ಓಡಿಸಿದ. ಎಡಗಡೆಯ ಡಿಫೆನ್ಸ್ ಹುಡುಗನ ಪಾದದ ಮೇಲೆ ಬೆರಳಿಟ್ಟ. ಆ ಹುಡುಗನ ಕಾಲ್ಬೆರಳು ಪಕ್ ಇರುವ ಕಡೆ ತಿರುಗಿತ್ತು, ಕಾಯಬೇಕಾದ ಆಟಗಾರನ ಕಡೆ ಅಲ್ಲ. ಅದರಿಂದ ತಿರುಗೋಕೆ ಅರ್ಧ ಹೆಜ್ಜೆ ತಡ. ಆ ಅರ್ಧ ಹೆಜ್ಜೆ ಮುಚ್ಚೋಕೆ ಇನ್ನೊಬ್ಬ ಬಂದ. ಅವನು ಬಿಟ್ಟು ಬಂದ ಜಾಗದಲ್ಲಿ ಗೋಲ್ ಆಯಿತು. "ಗೋಲಿ ಪಾಪ, ತಪ್ಪಿನ ಸಾಲಿನಲ್ಲಿ ಅವನು ಕೊನೆಯವನು" ಅಂದ. ಎರಡು ನಿಮಿಷದಲ್ಲಿ ನನಗೆ, ಸ್ಕೇಟ್ ಹಾಕಿಕೊಂಡರೆ ಗೋಡೆ ಹಿಡಿದು ನಿಲ್ಲುವ ನನಗೆ, ಅರ್ಥವಾಗಿತ್ತು.

ಮಾರನೇ ದಿನ ಆ ಡಿಫೆನ್ಸ್ ಹುಡುಗನಿಗೆ ಅವನು ವಿಡಿಯೊ ತೋರಿಸಲೇ ಇಲ್ಲ. ಪ್ರಾಕ್ಟೀಸಿನಲ್ಲಿ ಸುಮ್ನೆ ಒಂದು ಹೊಸ ಆಟ ಆಡಿಸಿದ. ಅದರಲ್ಲಿ ಕಾಲು ಸರಿಯಾಗಿ ಇಡದಿದ್ದರೆ ಸೋಲಬೇಕು, ಅಷ್ಟೇ. ಯಾಕೆ ತೋರಿಸಲಿಲ್ಲ ಅಂತ ಕೇಳಿದೆ. "ಅವನಿಗೆ ಈಗಾಗಲೇ ಮನಸ್ಸು ಸರಿ ಇಲ್ಲ, ಇನ್ನೂ ಕುಗ್ಗುತ್ತಾನೆ" ಅಂದ. ತಪ್ಪು ಕಾಣುವುದು ಅರ್ಧ ಕೆಲಸ. ಯಾರಿಗೆ, ಯಾವಾಗ, ಹೇಗೆ ಹೇಳಬೇಕು ಅನ್ನೋದು ಉಳಿದರ್ಧ.

ಹಾಗಾಗಿ ನಿಮ್ಮ ಮನೆಯವರಿಗೆ ಒಂದು ಕೆಲಸ ಹೇಳಿ. ಮಗ ಕ್ರಿಸ್‌ಮಸ್ ರಜೆಗೆ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ಕೇಳಲಿ: "ನಿಮ್ಮ ತಂಡ ಹೋದ ವಾರ ತಿಂದ ಒಂದು ಗೋಲ್ ತೋರಿಸು. ಯಾಕಾಯಿತು ಹೇಳು." ಅಪ್ಪನಿಗೆ ಅರ್ಥವಾಗುವ ಹಾಗೆ, ಯಾರನ್ನೂ ಹೀಯಾಳಿಸದೆ ಹೇಳಿದರೆ ಹುಡುಗನಲ್ಲಿ ಮೇಷ್ಟ್ರಿದ್ದಾನೆ. "ಅಪ್ಪಾ, ನಿಂಗೆ ಗೊತ್ತಾಗಲ್ಲ ಬಿಡು" ಅಂತ ಎದ್ದು ಹೋದರೆ ಸ್ವಲ್ಪ ಯೋಚನೆ ಮಾಡಬೇಕು. ಯಾವ ಕಂಪನಿಯ ಇಂಟರ್‌ವ್ಯೂಗಿಂತಲೂ ಇದರಲ್ಲಿ ಜಾಸ್ತಿ ಗೊತ್ತಾಗುತ್ತದೆ.

ಈಗ ಹೊಟ್ಟೆಯ ಪ್ರಶ್ನೆ. ಮೊದಲ ಐದಾರು ವರ್ಷ ಕಷ್ಟ. ಇದನ್ನು ಮುಚ್ಚಿಡೋದರಲ್ಲಿ ಅರ್ಥವಿಲ್ಲ.

ಡಿಗ್ರಿ ಮುಗಿದ ಹುಡುಗರು ಸಾಮಾನ್ಯವಾಗಿ ಒಳಗೆ ಬರುವುದು ಎರಡು ಬಾಗಿಲಿಂದ. ಒಂದು, ಗ್ರಾಜುಯೇಟ್ ಅಸಿಸ್ಟೆಂಟ್. ಕಾಲೇಜು ಮಾಸ್ಟರ್ಸ್ ಫೀಸ್ ಮನ್ನಾ ಮಾಡುತ್ತದೆ, ಕೈಖರ್ಚಿಗೆ ಒಂದಿಷ್ಟು ಕೊಡುತ್ತದೆ, ಬದಲಿಗೆ ತಂಡದ ಕೆಲಸ ಮಾಡಬೇಕು. ನಿಮ್ಮಂಥ ಮನೆಗೆ ನಾನು ಇದನ್ನೇ ಹೇಳುವುದು. ಕೋಚಿಂಗ್ ಕೈಹಿಡಿಯದಿದ್ದರೂ ಕೈಯಲ್ಲಿ ಒಂದು ಮಾಸ್ಟರ್ಸ್ ಉಳಿಯುತ್ತದೆ. ಇನ್ನೊಂದು, ಕಾರ್ಲ್ ಹೋದ ದಾರಿ, ಜೂನಿಯರ್ ಲೀಗ್. ಕಾಲೇಜಿಗೆ ಬರುವ ಮುಂಚೆ ಹುಡುಗರು ಆಡುವ ಲೀಗ್‌ಗಳು ಅವು. ಅಲ್ಲಿ ಅಸಿಸ್ಟೆಂಟ್ ಅಂದರೆ ವಿಡಿಯೊ ಕತ್ತರಿಸುವವನೂ ಅವನೇ, ಬಸ್ಸಿಗೆ ಊಟ ಹೇಳುವವನೂ ಅವನೇ, ಪ್ರಾಕ್ಟೀಸ್ ಮುಗಿದ ಮೇಲೆ ಬಕೆಟ್ ಹಿಡಿದು ಪಕ್ ಆರಿಸುವವನೂ ಅವನೇ. ಡಿವಿಷನ್ 1ರಲ್ಲಿ 2023ರ ತನಕ "ವಾಲಂಟಿಯರ್ ಕೋಚ್" ಅಂತಲೇ ಒಂದು ಹುದ್ದೆ ಇತ್ತು. ಪೂರ್ತಿ ಕೆಲಸ, ಕಾಲೇಜಿನಿಂದ ಸಂಬಳ ಇಲ್ಲ. ಕಾಲೇಜ್ ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಈಗ ಅದನ್ನು ತೆಗೆದುಹಾಕಿದೆ. ಒಳ್ಳೆಯದಾಯಿತು.

ಬೇಸಿಗೆಯಲ್ಲಿ ಮಕ್ಕಳ ಹಾಕಿ ಕ್ಯಾಂಪ್‌ಗಳಿಂದ ನಾಲ್ಕು ಕಾಸು ಬರುತ್ತದೆ. ಇಲ್ಲಿ ನಿಮ್ಮ ಮಗನಿಗೆ ಒಂದು ಅನುಕೂಲ ಇದೆ. ಗೋಲಿಯ ಆಟವೇ ಬೇರೆ. ಅದನ್ನು ಗೋಲಿ ಆಗಿದ್ದವರೇ ಹೇಳಿಕೊಡಬೇಕು. ಪ್ರತಿ ಊರಿನ ಕ್ಲಬ್ಬಿಗೂ ಗೋಲಿಗಳಿಗೆ ಪಾಠ ಹೇಳುವವರು ಬೇಕು. ಸಿಗುವವರು ಕಮ್ಮಿ.

ಅಲ್ಲಿಂದ ಮೇಲೆ ಪೂರ್ತಿ ಸಂಬಳದ ಅಸಿಸ್ಟೆಂಟ್, ಆಮೇಲೆ ಅದೃಷ್ಟ ಇದ್ದರೆ ಹೆಡ್ ಕೋಚ್. 28ಕ್ಕೆ ಹೆಡ್ ಕೋಚ್ ಆದ ಕಾರ್ಲ್ ಅವರನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಡಿವಿಷನ್ 1ರಲ್ಲಿ ಗಂಡಸರ ಹಾಕಿ ತಂಡ ಇರುವುದೇ ಅರವತ್ತು ಚಿಲ್ಲರೆ ಕಾಲೇಜುಗಳಲ್ಲಿ. ಅಷ್ಟೇ ಕುರ್ಚಿಗಳು. ಕೂತವರು ಬೇಗ ಏಳುವುದೂ ಇಲ್ಲ. ಬಾಸ್ಟನ್ ಕಾಲೇಜಿನಲ್ಲಿ ಆಡಿದ ಜೆರ್ರಿ ಯಾರ್ಕ್ 1972ರಲ್ಲಿ, 26ನೇ ವಯಸ್ಸಿಗೆ ಕ್ಲಾರ್ಕ್‌ಸನ್‌ನಲ್ಲಿ ಹೆಡ್ ಕೋಚ್ ಆದವರು, ಬೌಲಿಂಗ್ ಗ್ರೀನ್‌ಗೆ ಹೋಗಿ, ಕೊನೆಗೆ ತಮ್ಮ ಹಳೇ ಕಾಲೇಜಿಗೇ ಬಂದು 2022ರಲ್ಲಿ ನಿವೃತ್ತರಾದರು. ಐವತ್ತು ವರ್ಷ, 1,123 ಗೆಲುವು. ಆದರೆ ಐವತ್ತು ವರ್ಷಕ್ಕೆ ಬರೀ ಮೂರು ಊರು ಅನ್ನೋದು ಅವರ ಪುಣ್ಯ. ಅಸಿಸ್ಟೆಂಟ್‌ಗಳ ಪಾಡು ಹಾಗಲ್ಲ. ಹೆಡ್ ಕೋಚ್ ಬದಲಾದರೆ ಹೊಸಬರು ತಮ್ಮವರನ್ನು ಕರೆತರುತ್ತಾರೆ. ಹಳಬರು ಸಾಮಾನು ಕಟ್ಟಬೇಕು. ನಮ್ಮ ಪಕ್ಕದ ಕೋಣೆಯ ಒಬ್ಬರು ಆರು ವರ್ಷದಲ್ಲಿ ನಾಲ್ಕು ರಾಜ್ಯ ಬದಲಿಸಿದರು. ಅವರ ಮಗಳು ಒಂದನೇ ಕ್ಲಾಸನ್ನು ಎರಡು ಶಾಲೆಯಲ್ಲಿ ಓದಿದಳು.

ಕೆಲಸದ ಬಹುಪಾಲು ಐಸ್ ಮೇಲೆ ನಡೆಯುವುದೂ ಇಲ್ಲ. ಶುಕ್ರವಾರ ಶನಿವಾರ ಮ್ಯಾಚ್, ಸೋಮವಾರದಿಂದ ಪ್ರಾಕ್ಟೀಸ್. ನಡುವೆ ಸಿಕ್ಕ ಸಮಯವೆಲ್ಲ ಹುಡುಗರನ್ನು ಹುಡುಕುವುದಕ್ಕೆ. ಭಾನುವಾರ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಹೋಗಿ ಯಾವುದೋ ಊರಿನ ತಣ್ಣನೆ ರಿಂಕ್‌ನಲ್ಲಿ ಹದಿನೇಳರ ಹುಡುಗನೊಬ್ಬನನ್ನು ನೋಡಿ ಬರುತ್ತಾರೆ. ನಮ್ಮಲ್ಲಿ ಗಂಡು ನೋಡೋಕೆ ಹೋದ ಹಾಗೇ. ಹುಡುಗ ಹೇಗೆ ಆಡುತ್ತಾನೆ ಅನ್ನೋದಕ್ಕಿಂತ, ಸೋತಾಗ ಹೇಗಿರುತ್ತಾನೆ, ಬೆಂಚಿನಲ್ಲಿ ಪಕ್ಕದವನ ಜೊತೆ ಹೇಗೆ ಮಾತಾಡುತ್ತಾನೆ, ಅಮ್ಮನಿಗೆ ಎದುರು ಮಾತಾಡುತ್ತಾನಾ, ಹಳೇ ಮೇಷ್ಟ್ರು ಏನನ್ನುತ್ತಾರೆ, ಎಲ್ಲ ವಿಚಾರಿಸುತ್ತಾರೆ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಹಾಗಾಗಿ ತಂದೆ ತಾಯಿ ಎದುರು ಕೂತು, ಫೀಸ್ ಎಷ್ಟು, ಸಹಾಯಧನ ಎಷ್ಟು ಸಿಗಬಹುದು, ಉಳಿದದ್ದು ಯಾಕೆ ಕಟ್ಟಬೇಕು ಅಂತ ಒಪ್ಪಿಸಬೇಕು. ಅಲ್ಲಿ ಎಕನಾಮಿಕ್ಸ್ ಓದಿದವನ ಮಾತಿಗೆ ತೂಕ ಇದೆ.

ಈಗಂತೂ ಈ ಹುಡುಕಾಟಕ್ಕೆ ಕೊನೆಯೇ ಇಲ್ಲ. ಕೆನಡಾದ ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದವರಿಗೆ ಹಿಂದೆ ಅಮೆರಿಕದ ಕಾಲೇಜ್ ಬಾಗಿಲು ಮುಚ್ಚಿತ್ತು. 2025ರ ಆಗಸ್ಟ್‌ನಿಂದ ತೆರೆದಿದೆ. ಜೊತೆಗೆ ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುವುದೂ ಸುಲಭವಾಗಿದೆ. ಮೂರು ವರ್ಷ ತಿದ್ದಿ ತೀಡಿದ ಹುಡುಗ ಏಪ್ರಿಲ್‌ನಲ್ಲಿ ಒಂದು ಮೆಸೇಜ್ ಹಾಕಿ ಹೊರಟುಬಿಡಬಹುದು. ಹಳೇ ಕಾಲದ ಕೋಚ್‌ಗಳು ಇದರಿಂದಲೇ ಬೇಸತ್ತಿದ್ದಾರೆ.

ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ನಮ್ಮ ಬಣ್ಣದ ಹುಡುಗನಿಗೆ ಆ ಕುರ್ಚಿ ಸಿಗುತ್ತದಾ? ಕಾಲೇಜ್ ಹಾಕಿಯ ಬೆಂಚಿನ ಹಿಂದೆ ನಮ್ಮಂಥ ಮುಖಗಳು ಅಪರೂಪ, ನಿಜ. ಆದರೆ ಮ್ಯಾನಿ ಮಲ್ಹೋತ್ರಾ ಅವರನ್ನು ನೋಡಿ. ತಂದೆ ಭಾರತದಿಂದ ಕೆನಡಾಗೆ ಹೋದವರು. ಕಾಲೇಜ್ ದಾರಿಯಲ್ಲಿ ಬಂದವರಲ್ಲ, ಆದರೂ ಎನ್‌ಎಚ್‌ಎಲ್‌ನಲ್ಲಿ 991 ಮ್ಯಾಚ್ ಆಡಿ, ಆಮೇಲೆ ವರ್ಷಗಟ್ಟಲೆ ಅಸಿಸ್ಟೆಂಟ್ ಆಗಿ ದುಡಿದು, 2024ರಲ್ಲಿ ಆಬಟ್ಸ್‌ಫರ್ಡ್ ತಂಡಕ್ಕೆ ಹೆಡ್ ಕೋಚ್ ಆದರು. ಮೊದಲ ವರ್ಷವೇ, 2025ರಲ್ಲಿ, ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಲೀಗ್‌ನ ಕಾಲ್ಡರ್ ಕಪ್ ಗೆದ್ದರು. ದಾರಿ ಅಗಲ ಇಲ್ಲ. ಆದರೆ ಮುಚ್ಚಿಲ್ಲ.

ಈ ಚಳಿಗಾಲದಲ್ಲಿ ಮಗ ಮಾಡಬೇಕಾದದ್ದು ಇಷ್ಟಿದೆ. ತನ್ನ ಕೋಚ್ ಹತ್ತಿರ ಈಗಲೇ ವಿಷಯ ಹೇಳಲಿ. ಕೋಚಿಂಗ್ ಕೆಲಸಗಳು ಖಾಲಿ ಆಗುವುದು ಸೀಸನ್ ಮುಗಿದ ಮೇಲೆ, ಮಾರ್ಚ್‌ನಿಂದ ಜೂನ್ ತನಕ. ಬಹಳಷ್ಟು ಕೆಲಸ ಜಾಹೀರಾತಿಗಿಂತ ಮುಂಚೆ ಫೋನಿನಲ್ಲೇ ಮುಗಿದಿರುತ್ತದೆ. ಆ ಫೋನ್ ಮಾಡಬೇಕಾದವರು ಅವನ ಕೋಚ್. ಊರಿನ ಮಕ್ಕಳ ತಂಡವೊಂದಕ್ಕೆ ಭಾನುವಾರ ಗೋಲಿ ಪಾಠ ಹೇಳಲಿ. ಅದಕ್ಕೆ ಯುಎಸ್‌ಎ ಹಾಕಿ ಸಂಸ್ಥೆಯ ಕೋಚಿಂಗ್ ಸರ್ಟಿಫಿಕೇಟ್ ಬೇಕು. ಮೊದಲ ಲೆವೆಲ್ ಈಗಲೇ ಮಾಡಿಕೊಳ್ಳಬಹುದು, ಮೇಲಕ್ಕೆ ಐದರ ತನಕ ಇದೆ. ಆರು ವರ್ಷದ ಇಪ್ಪತ್ತು ಮಕ್ಕಳನ್ನು ಒಂದು ಗಂಟೆ ಐಸ್ ಮೇಲೆ ಸಂಭಾಳಿಸಿ, ಮುಂದಿನ ವಾರವೂ ಹೋಗಬೇಕು ಅಂತ ಅನ್ನಿಸಿದರೆ ಹುಡುಗ ಗಟ್ಟಿ.

ನೀವಿಬ್ಬರೂ ಅವನ ಜೊತೆ ಕೂತು ಒಂದು ಗಡುವು ಮಾತಾಡಿಕೊಳ್ಳಿ. ನಾನಾದರೆ ಮಾಸ್ಟರ್ಸ್ ಸೇರಿ ಐದು ವರ್ಷ ಅನ್ನುತ್ತೇನೆ. ಅಷ್ಟರಲ್ಲಿ ಪೂರ್ತಿ ಸಂಬಳದ ಕೆಲಸ ಸಿಗದಿದ್ದರೆ ಬೇರೆ ಕಡೆ ನೋಡಲಿ. ನಮ್ಮ ಕೋಣೆಯಿಂದ ಹೊರಗೆ ಹೋದವರು ಯಾರೂ ಬೀದಿಗೆ ಬಿದ್ದಿಲ್ಲ. ಒಬ್ಬ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಾನೆ, ಸಂಜೆ ಅಲ್ಲೇ ತಂಡ ನೋಡಿಕೊಳ್ಳುತ್ತಾನೆ. ಇನ್ನೊಬ್ಬ ಸ್ಕೇಟ್ ಕಂಪನಿಯ ಸೇಲ್ಸ್‌ನಲ್ಲಿದ್ದಾನೆ. ಒಬ್ಬ ಇನ್ಶೂರೆನ್ಸ್ ಮಾರುತ್ತಾನೆ, ನಮಗೆಲ್ಲರಿಗಿಂತ ದೊಡ್ಡ ಮನೆ ಕಟ್ಟಿದ್ದಾನೆ.

ಉಳಿದದ್ದು ಊರಿನ ಪ್ರಶ್ನೆ. ಮದುವೆ ಮನೆಯಲ್ಲಿ ಯಾರಾದರೂ "ಮಗ ಏನ್ ಮಾಡ್ತಾನೆ?" ಅಂದರೆ ಐಸ್, ಪಕ್, ಗೋಲಿ ಅಂತೆಲ್ಲ ವಿವರಿಸೋಕೆ ಹೋಗಬೇಡಿ. ಹಾಕಿ ಅಂದ ಕೂಡಲೇ ಅವರು ಕೊಡಗಿನ ಮಾತು ತೆಗೆಯುತ್ತಾರೆ, ಊಟ ತಣ್ಣಗಾಗುತ್ತದೆ. "ಕಾಲೇಜಿನಲ್ಲಿ ಮೇಷ್ಟ್ರು" ಅಂದುಬಿಡಿ. ಡಿವಿಷನ್ 3ರ ಕೆಲವು ಕಾಲೇಜುಗಳಲ್ಲಿ ಕೋಚ್‌ಗೆ ಅಧ್ಯಾಪಕರ ಸ್ಥಾನವೇ ಇರುತ್ತದೆ, ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.